ದಿನದ ಗಾಲಿಗೆ ಎಷ್ಟು ಅಗಲದ ರಿಮ್ಮು?

ಮೈಸೂರು



ಧಾರವಾಡದಿಂದ ನೀವು ಬರೆದ ಕಾಗದ ಕೈಸೇರಿತು. ಓದಿ ಮುಗಿಸಿದವನೇ ಉತ್ತರಕ್ಕೆ ಕುಳಿತೆ, ಏಕೆಂದರೆ ಅದರ ನಡುವಿನ ಒಂದು ಮಾತು ನನಗೆ ಗಾಬರಿ ತಂದಿತು. ಹಿಂದಿನ ರಿಮ್ಮಿನಲ್ಲಿ ಬ್ರೇಕ್ ಪ್ಯಾಡ್ ಉಜ್ಜುವ ಪಟ್ಟಿ ಒಳಕ್ಕೆ ತಗ್ಗಿದೆ, ಅದರ ಮೇಲೆ ಸ್ಕೇಲಿನ ಅಂಚು ಇಟ್ಟರೆ ನಡುವೆ ಬೆಳಕು ತೂರುತ್ತದೆ ಎಂದು ಬರೆದಿದ್ದೀರಿ. ಅಗಲದ ಮಾತು ಆಮೇಲೆ. ಮೊದಲು ಆ ಗಾಲಿಯನ್ನು ಸೈಕಲ್ಲಿನಿಂದ ಬಿಚ್ಚಿಡಿ. ಮಳೆಗಾಲದಲ್ಲಿ ರಸ್ತೆಯ ಮರಳು ಪ್ಯಾಡಿಗೆ ಅಂಟಿಕೊಂಡು ಅಲ್ಯೂಮಿನಿಯಮ್ಮನ್ನು ತೇಯುತ್ತದೆ; ಗಾಲಿಯಿಂದ ಇಳಿಯುವ ಕಪ್ಪು ನೀರಿನಲ್ಲಿ ಆ ಲೋಹದ ಪುಡಿಯೂ ಇರುತ್ತದೆ. ಗೋಡೆ ತೆಳುವಾಗುತ್ತಾ ಹೋದಂತೆ ಟೈರಿನೊಳಗಿನ ಗಾಳಿ ಅದನ್ನು ಹೊರಕ್ಕೆ ಒತ್ತುತ್ತಲೇ ಇರುತ್ತದೆ. ಒಂದು ದಿನ ಅದು ಸೀಳಿಕೊಂಡುಬಿಡುತ್ತದೆ. ಆ ದಿನ ನೀವು ಇಳಿಜಾರಿನಲ್ಲಿ ಬ್ರೇಕು ಬಲವಾಗಿ ಹಿಡಿದಿದ್ದರೆ ಏನಾಗುತ್ತದೆಂದು ನಾನು ಬರೆಯಬೇಕಿಲ್ಲ. ಅನೇಕ ರಿಮ್ಮುಗಳ ಬದಿಯಲ್ಲಿ ಒಂದು ಸಣ್ಣ ಗುಳಿಯೋ ಸುತ್ತಲೂ ಒಂದು ಗೀರೋ ಇರುತ್ತದೆ. ಅದು ಸವೆದು ಅಳಿಸಿಹೋದರೆ ರಿಮ್ಮಿನ ಆಯಸ್ಸು ಮುಗಿಯಿತೆಂದು ಲೆಕ್ಕ. ನಿಮ್ಮದರಲ್ಲಿ ಗೀರು ಉಳಿದಿದೆಯೇ ಎಂದು ಹುಡುಕುತ್ತಾ ಕೂರಬೇಡಿ. ಬೆಳಕು ತೂರಿತಲ್ಲ, ಅಷ್ಟು ಸಾಕು.

ಇನ್ನು ನಿಮ್ಮ ಪ್ರಶ್ನೆ. ಹೇಗೂ ಹೊಸ ರಿಮ್ಮು ಬೇಕು. ಸ್ಪರ್ಧೆಗೆ, ಬ್ರೆವೆ ಎಂಬ ದೂರದ ಸವಾರಿಗೆ ಎಂದು ಎತ್ತಿಟ್ಟ ಗಾಲಿ ಬೇರೆಯೇ ಇದೆ. ಬೆಳಗ್ಗೆ ಬೆಳಗ್ಗೆ ಓಡುವ ಈ ಜೋಡಿಗೆ ಈಗ ಎಲ್ಲರೂ ಹೇಳುವ ಅಗಲದ ರಿಮ್ಮು ಹಾಕಿಸಲೇ, ಹಾಕಿಸಿದರೆ ಎಷ್ಟು ಅಗಲ, ಅದರಿಂದ ನಿಜವಾಗಿ ಸಿಗುವುದೇನು ಎಂದು ಕೇಳಿದ್ದೀರಿ. ಹಾಕಿಸಿ. ನಿಮ್ಮ ರಿಮ್ ಬ್ರೇಕಿನ ಸೈಕಲ್ಲಿಗೆ ಒಳಗಡೆ 18ರಿಂದ 20 ಮಿ.ಮೀ., ಹೊರಗಡೆ 23ರಿಂದ 25 ಮಿ.ಮೀ. ಇರುವ, ಅಂಚಿನಲ್ಲಿ ಟೈರನ್ನು ಹಿಡಿದಿಡುವ ಕೊಕ್ಕೆ ಇರುವ ಅಲ್ಯೂಮಿನಿಯಂ ರಿಮ್ಮು ನನ್ನ ಸಲಹೆ. ಆದರೆ ರಿಮ್ಮಿಗಿಂತ ಮೊದಲು ಟೈರನ್ನು ನಿರ್ಧರಿಸಿ. ಟೈರಿಗಿಂತ ಮೊದಲು ಫ್ರೇಮಿನಲ್ಲಿ ಎಷ್ಟು ಜಾಗ ಇದೆ ಅಳೆಯಿರಿ. ಈ ಕ್ರಮ ಹಿಂದುಮುಂದಾದಾಗ ಕಷ್ಟಪಟ್ಟು ದುಡ್ಡು ಸೇರಿಸಿ ತಂದ ಗಾಲಿ ಉಪಯೋಗಕ್ಕೆ ಬರದೆ ಗೋಡೆಯ ಮೊಳೆಯಲ್ಲಿ ಉಳಿಯುತ್ತದೆ.

ಅಂಗಡಿಯಲ್ಲಿ ಯಾರಾದರೂ "ಇದು 23ರ ರಿಮ್ಮು" ಎಂದರೆ ಒಳಗಿನ ಅಳತೆಯೋ ಹೊರಗಿನದೋ ಎಂದು ತಪ್ಪದೆ ಕೇಳಿ. ಹೊರಗಿನ ಅಗಲ ಬ್ರೇಕಿಗೆ ಸಂಬಂಧಿಸಿದ್ದು. ಒಳಗಿನದು, ಅಂದರೆ ಎರಡು ಕೊಕ್ಕೆಗಳ ನಡುವಿನ ಅಂತರ, ಟೈರಿಗೆ ಸಂಬಂಧಿಸಿದ್ದು. ಎರಡರ ನಡುವೆ ಸಾಮಾನ್ಯವಾಗಿ ನಾಲ್ಕೈದು ಮಿ.ಮೀ. ವ್ಯತ್ಯಾಸ ಇರುತ್ತದೆ. ನಿಮ್ಮ ಹಳೆಯ ರಿಮ್ಮು ಮ್ಯಾವಿಕ್ ಓಪನ್ ಪ್ರೊ ಎಂದಿದ್ದೀರಿ. ಬಹಳ ಒಳ್ಳೆಯ ರಿಮ್ಮು ಅದು. ಒಂದು ಇಡೀ ತಲೆಮಾರಿನ ಕೈಕಟ್ಟಿನ ಗಾಲಿಗಳು ಅದರ ಮೇಲೆ ನಿಂತಿದ್ದವು. ಒಳಗೆ 15, ಹೊರಗೆ ಸುಮಾರು 19.6 ಮಿ.ಮೀ. ಆಗ ಎಲ್ಲರೂ ಓಡಿಸುತ್ತಿದ್ದದ್ದು 23ರ ಟೈರು, ಅದಕ್ಕೆ ಮುಂಚೆ 20-21ರದ್ದೂ ಇತ್ತು. ಟೈರು ಸಣ್ಣದಾದಷ್ಟೂ, ಗಾಳಿ ಗಟ್ಟಿಯಾದಷ್ಟೂ ವೇಗ ಎಂಬ ನಂಬಿಕೆ ಆಳವಾಗಿ ಬೇರುಬಿಟ್ಟಿದ್ದ ಕಾಲ. ಆ ಟೈರಿಗೆ ಆ ರಿಮ್ಮು ಸರಿಯಾಗಿಯೇ ಹೊಂದುತ್ತಿತ್ತು.

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದವರಲ್ಲಿ ಅಮೆರಿಕದ ಮಿನೆಸೋಟದ ಸ್ಟೀವ್ ಹೆಡ್ ಒಬ್ಬರು. ಗಾಳಿಯನ್ನು ಸೀಳುವ ಗಾಲಿಗಳ ಮೇಲೆ ಬದುಕೆಲ್ಲ ಕೆಲಸ ಮಾಡಿದ ಅವರು 2000ರ ದಶಕದ ಕೊನೆಯ ಹೊತ್ತಿಗೆ ಹೊರ ಅಗಲ 23 ಮಿ.ಮೀ. ಇರುವ ರಿಮ್ಮನ್ನು ಮಾರುಕಟ್ಟೆಗೆ ತಂದರು. ಅಲ್ಯೂಮಿನಿಯಂ ರಿಮ್ಮಿಗೆ ಇಟ್ಟ ಹೆಸರು ಬೆಲ್ಜಿಯಂ. ಕಲ್ಲು ಹಾಸಿದ ರಸ್ತೆಗಳಲ್ಲಿ ನಡೆಯುವ ಹಳೆಯ ರೇಸುಗಳ ದೇಶ. ಆಮೇಲೆ ಅದರದ್ದೇ 25 ಮಿ.ಮೀ. ಅಗಲದ ಅಣ್ಣ, ಬೆಲ್ಜಿಯಂ ಪ್ಲಸ್, ಬಂತು. ಆಸ್ಟ್ರೇಲಿಯಾ ಮೂಲದ ವೆಲಾಸಿಟಿ ಕಂಪನಿ ಎ23 ತಂದಿತು. ಎಚ್ ಪ್ಲಸ್ ಸನ್‌ನ ಆರ್ಕಿಟೈಪ್, ಡಿಟಿ ಸ್ವಿಸ್‌ನ ಆರ್460 ಎಲ್ಲವೂ ಆ 23ರ ಸಾಲಿನಲ್ಲೇ ನಿಂತವು. ಮ್ಯಾವಿಕ್ ಕೂಡ 2017ರಲ್ಲಿ ಓಪನ್ ಪ್ರೊ ಹೆಸರನ್ನು ಉಳಿಸಿಕೊಂಡೇ ಒಳ ಅಗಲವನ್ನು 19ಕ್ಕೆ ಏರಿಸಿತು. ಸ್ಟೀವ್ ಹೆಡ್ 2014ರ ನವೆಂಬರಿನಲ್ಲಿ ತೀರಿಕೊಂಡರು. ಅವರು ಒತ್ತಾಯಿಸಿದ ಆ ಮೂರ್ನಾಲ್ಕು ಮಿಲಿಮೀಟರು ನಮ್ಮಂಥ ಸಾಮಾನ್ಯ ಸವಾರರಿಗೆ ಮಾಡಿದ ಉಪಕಾರ ದೊಡ್ಡದು ಎಂದೇ ನಾನು ತಿಳಿದಿದ್ದೇನೆ.

ಉಪಕಾರ ಯಾವ ರೀತಿಯದು ಎಂದರೆ, ಟೈರಿನ ಬಟ್ಟೆಯ ಅಗಲ ಒಂದು ಅಂಚಿನ ತಂತಿಯಿಂದ ಇನ್ನೊಂದು ಅಂಚಿನ ತಂತಿಯವರೆಗೆ ಇಷ್ಟೇ ಎಂದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಗಾಳಿ ತುಂಬಿದಾಗ ಅದು ವೃತ್ತವಾಗಲು ನೋಡುತ್ತದೆ. ಆ ವೃತ್ತದ ಉಳಿದ ಭಾಗವನ್ನು ಮುಚ್ಚುವುದು ರಿಮ್ಮಿನ ಒಳ ಅಗಲ. ರಿಮ್ಮು ಕಿರಿದಾಗಿದ್ದರೆ ಟೈರಿನ ಬುಡ ಹಿಸುಕಿಕೊಂಡು, ಹೊಟ್ಟೆ ಮಾತ್ರ ಉಬ್ಬಿ, ಬೋರಲು ಹಾಕಿದ ತಂಬಿಗೆಯ ಆಕಾರ ಬರುತ್ತದೆ: ಕೆಳಗೆ ಕತ್ತು, ಮೇಲೆ ಭಾರ. ತಿರುವಿನಲ್ಲಿ ಸೈಕಲ್ಲನ್ನು ವಾಲಿಸಿದಾಗ ಆ ಕತ್ತು ಪಕ್ಕಕ್ಕೆ ಬಾಗುತ್ತದೆ. ಅದನ್ನು ಬಾಗದಂತೆ ಹಿಡಿಯಲು ನಾವು ಗಾಳಿ ಜಾಸ್ತಿ ಹೊಡೆಯುತ್ತಿದ್ದೆವು. ರಿಮ್ಮು ಅಗಲವಾದಾಗ ಟೈರಿನ ಪಕ್ಕಗಳು ನೆಟ್ಟಗೆ ನಿಲ್ಲುತ್ತವೆ, ಕಡಿಮೆ ಗಾಳಿಯಲ್ಲೂ ಟೈರು ಆಡುವುದಿಲ್ಲ. ಇದರ ಜೊತೆಗೆ ಟೈರಿನ ಅಗಲವೂ ಬೆಳೆಯುತ್ತದೆ. ಒಳ ಅಗಲ ಒಂದು ಮಿ.ಮೀ. ಹೆಚ್ಚಾದರೆ ಟೈರು ಸರಿಸುಮಾರು 0.4 ಮಿ.ಮೀ. ಹಿಗ್ಗುತ್ತದೆ ಎಂಬುದು ಕೆಲಸಕ್ಕೆ ಬರುವ ಲೆಕ್ಕ. 15ರ ಒಳ ಅಗಲದಲ್ಲಿ 25 ಇದ್ದ ಟೈರು 19ಕ್ಕೆ ಹೋದಾಗ 26.6 ಆಗುತ್ತದೆ. ಬದಿಯಲ್ಲಿ ಬರೆದ 25 ಎಂಬ ಅಂಕಿ ಮಾತ್ರ ಹಾಗೇ ಇರುತ್ತದೆ.

ಗಾಳಿಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅಗಲದ ರಿಮ್ಮು ಹಾಕಿಸಿಯೂ ಹಳೆಯ ಅಭ್ಯಾಸದಂತೆ 110 ಪಿಎಸ್‌ಐ ಹೊಡೆದುಕೊಂಡು, "ಏನೂ ವ್ಯತ್ಯಾಸ ಕಾಣಲಿಲ್ಲ, ಇನ್ನೂ ಗಡಸಾಗಿದೆ" ಎನ್ನುವವರನ್ನು ಬಹಳ ಕಂಡಿದ್ದೇನೆ. ಅವರ ದೂರು ನಿಜ. ಟೈರಿನ ಬಟ್ಟೆಯ ಮೇಲೆ ಬೀಳುವ ಬಿಗಿತ ಗಾಳಿಯ ಒತ್ತಡವನ್ನೂ ಟೈರಿನ ಅಗಲವನ್ನೂ ಗುಣಿಸಿದ್ದಕ್ಕೆ ತಕ್ಕಂತೆ ಏರಿಳಿಯುತ್ತದೆ. 23 ಮಿ.ಮೀ. ಟೈರಿನಲ್ಲಿ 110 ಪಿಎಸ್‌ಐ ಕೊಡುವ ಬಿಗಿತವನ್ನು 28 ಮಿ.ಮೀ. ಟೈರು 90ರಲ್ಲೇ ಕೊಡುತ್ತದೆ. ಕಾಗದ ತೆಗೆದುಕೊಂಡು ಗುಣಿಸಿ ನೋಡಿ, ಎರಡೂ 2,500ರ ಆಸುಪಾಸಿಗೆ ಬರುತ್ತವೆ. ಅಂದರೆ 90 ಹೊಡೆದರೂ ಟೈರು ಹಳೆಯ ಸೈಕಲ್ಲಿನಷ್ಟೇ ಗಡಸು. ಅಗಲದ ಲಾಭ ಬೇಕಾದರೆ ಅದಕ್ಕಿಂತಲೂ ಕೆಳಗಿಳಿಯಬೇಕು. ನಿಮ್ಮ ತೂಕ 76 ಕಿಲೋ ಎಂದಿದ್ದೀರಿ. ನಿಜವಾದ ಅಳತೆ 27-28 ಬರುವ ಟೈರಿಗೆ ಹಿಂದೆ 78-80, ಮುಂದೆ 72-75ರಿಂದ ಶುರುಮಾಡಿ. ಒಂದು ವಾರ ಓಡಿಸಿ, ಎರಡೆರಡು ಪಿಎಸ್‌ಐ ಇಳಿಸುತ್ತಾ ಹೋಗಿ. ಗುಂಡಿಗೆ ಬಿದ್ದಾಗ ರಿಮ್ಮು ತಾಗಿದ ಸದ್ದು ಬಂದರೆ, ತಿರುವಿನಲ್ಲಿ ಟೈರು ಸಡಿಲ ಅನ್ನಿಸಿದರೆ, ಅಲ್ಲಿಂದ ನಾಲ್ಕು ಏರಿಸಿ ನಿಲ್ಲಿ. ನಿಮ್ಮ ಅಂಕಿ ನಿಮ್ಮ ರಸ್ತೆಯಲ್ಲಿ ಮಾತ್ರ ಸಿಗುತ್ತದೆ, ನನ್ನ ಕಾಗದದಲ್ಲಿ ಅಲ್ಲ. ಆಮೇಲೆ ಗಾಳಿ ಯಾವಾಗಲೂ ಒಂದೇ ಪಂಪಿನಲ್ಲಿ ಹೊಡೆಯಿರಿ. ಮಾಪಕಗಳು ಒಂದಕ್ಕೊಂದು ಹೊಂದುವುದಿಲ್ಲ.

ಗಾಳಿ ಇಳಿಸಿದರೆ ವೇಗ ಇಳಿಯುವುದಿಲ್ಲವೇ ಎಂಬ ಅಳುಕು ನಿಮ್ಮ ಕಾಗದದಲ್ಲಿ ಎರಡು ಕಡೆ ಇಣುಕಿದೆ. ಈ ಅಳುಕಿಗೆ ಕಾರಣ ಟೈರನ್ನು ಪರೀಕ್ಷಿಸುತ್ತಿದ್ದ ರೀತಿ. ನುಣುಪಾದ ಉಕ್ಕಿನ ಡ್ರಮ್ಮಿನ ಮೇಲೆ ಟೈರನ್ನು ಉರುಳಿಸಿದರೆ ಗಾಳಿ ಹೆಚ್ಚಿದಷ್ಟೂ ಪ್ರತಿರೋಧ ಕಡಿಮೆ. ಆದರೆ ಡ್ರಮ್ಮಿನ ಮೇಲೆ ಮನುಷ್ಯ ಕೂತಿರುವುದಿಲ್ಲ. ರಸ್ತೆಯಲ್ಲಿ ಟೈರು ಹೀರಿಕೊಳ್ಳದ ಅದುರನ್ನು ನಮ್ಮ ಕೈ, ಬೆನ್ನು, ತೊಡೆ ಹೀರಿಕೊಳ್ಳುತ್ತವೆ. ಆ ಶಕ್ತಿ ಪೆಡಲಿನಿಂದಲೇ ಬಂದದ್ದು, ಅದು ಸುಮ್ಮನೆ ಶಾಖವಾಗಿ ಹೋಗುತ್ತದೆ. ಜಾನ್ ಹೈನೆ ಮತ್ತು ಅವರ 'ಬೈಸಿಕಲ್ ಕ್ವಾರ್ಟರ್ಲಿ' ಪತ್ರಿಕೆಯ ಬಳಗ ಸವಾರರನ್ನು ಕೂರಿಸಿ, ನಿಜವಾದ ರಸ್ತೆಯಲ್ಲಿ, ಹೆದ್ದಾರಿ ಅಂಚಿನ ರಂಬಲ್ ಪಟ್ಟಿಯ ಮೇಲೂ ಓಡಿಸಿ ಅಳೆದು ಇದನ್ನು ತೋರಿಸಿಕೊಟ್ಟಿತು. ನೀವು ತೇಗೂರು, ಕಿತ್ತೂರು ಕಡೆ ಹೆದ್ದಾರಿಯಲ್ಲಿ ಹೋಗುವಾಗ ಅಡ್ಡ ಬರುವ ಬಿಳಿ ಪಟ್ಟಿಗಳ ಸಾಲನ್ನು ನೆನಪಿಸಿಕೊಳ್ಳಿ. ಅಲ್ಲಿ ಪ್ರತಿ ಸಲ ಸೈಕಲ್ಲು ಹಿಂದಕ್ಕೆ ಎಳೆದಂತಾಗುತ್ತದಲ್ಲ, ಆ ಎಳೆತವೇ ನಾನು ಹೇಳುತ್ತಿರುವ ನಷ್ಟ. ಹಳಿಯಾಳದ ರಸ್ತೆಯಲ್ಲಿ ಜಲ್ಲಿ ಮೇಲೆದ್ದ ಡಾಂಬರಿನ ಮೇಲೆ ಅದೇ ನಷ್ಟ ಸಣ್ಣಸಣ್ಣದಾಗಿ ಗಂಟೆಗಟ್ಟಲೆ ನಡೆಯುತ್ತದೆ. ದಿನಾ ಅಭ್ಯಾಸ ಮಾಡುವವನಿಗೆ ಇದು ವೇಗಕ್ಕಿಂತ ದೊಡ್ಡ ಮಾತು: ಅಂಗೈ ಜೋಮು ಹಿಡಿಯದೆ, ಕತ್ತು ಬಿಗಿಯದೆ ಮನೆಗೆ ಬಂದರೆ ಮರುದಿನ ಮತ್ತೆ ಹೊರಡುವ ಮನಸ್ಸಿರುತ್ತದೆ.

ಈಗ ಅಳತೆ. ಹಳೆಯ ಗಾಲಿಯನ್ನೇ, ಓಡಿಸುವುದಕ್ಕಲ್ಲ, ಅಳೆಯುವುದಕ್ಕೆ ಮಾತ್ರ ಸೈಕಲ್ಲಿಗೆ ಹಾಕಿ. ಟೈರಿಗೆ ಎಂದಿನಷ್ಟು ಗಾಳಿ ಹೊಡೆಯಬೇಡಿ, ಆಕಾರ ಬರುವಷ್ಟು ಸಾಕು. ಕ್ಯಾಲಿಪರ್ ಸ್ಕೇಲಿನಿಂದ ಟೈರಿನ ನಿಜವಾದ ಅಗಲ ಬರೆದಿಟ್ಟುಕೊಳ್ಳಿ. ಆಮೇಲೆ ಅಲೆನ್ ಕೀ ಕಟ್ಟು ತೆಗೆದುಕೊಂಡು 3, 4, 5 ಮಿ.ಮೀ. ಕೀಗಳನ್ನು ಒಂದೊಂದಾಗಿ ಟೈರಿನ ಪಕ್ಕದ ಸಂದಿಗಳಲ್ಲಿ ತೂರಿಸಿ ನೋಡಿ: ಪೆಡಲಿನ ಹಿಂದೆ ಗಾಲಿಯ ಎರಡೂ ಬದಿ ಹಾಯುವ ಕೊಳವೆಗಳ ಹತ್ತಿರ, ಸೀಟಿನ ಕೊಳವೆಯ ಹಿಂದೆ, ಮುಂದಿನ ಫೋರ್ಕಿನ ತಲೆಯ ಕೆಳಗೆ, ಬ್ರೇಕಿನ ತೋಳಿನ ಕೆಳಗೆ. ಎಲ್ಲಿ ಜಾಗ ಅತಿ ಕಡಿಮೆಯೋ ಅದೇ ನಿಮ್ಮ ಮಿತಿ. ಹೊಸ ಟೈರು ಹಾಕಿದ ಮೇಲೂ ಪ್ರತಿ ಬದಿ 3-4 ಮಿ.ಮೀ. ಉಳಿಯಬೇಕು. ಏರಿನಲ್ಲಿ ಎದ್ದು ನಿಂತು ತುಳಿದಾಗ ಗಾಲಿ ಪಕ್ಕಕ್ಕೆ ಬಾಗುತ್ತದೆ, ಒಂದು ಕಡ್ಡಿ ಮುರಿದರೆ ಇನ್ನೂ ಹೆಚ್ಚು ಓಲಾಡುತ್ತದೆ, ಮಳೆಯಲ್ಲಿ ನಿಮ್ಮೂರಿನ ಎರೆಮಣ್ಣು ಟೈರಿಗೆ ಮೆತ್ತಿಕೊಳ್ಳುತ್ತದೆ. ಆ ಮಣ್ಣು ಎಷ್ಟು ದಪ್ಪ ಮೆತ್ತುತ್ತದೆ ಎಂದು ಧಾರವಾಡದವರಿಗೆ ನಾನು ಹೇಳಬೇಕೇ! ಟೈರು ಅಗಲವಾದಾಗ ಎತ್ತರವೂ ಬೆಳೆಯುತ್ತದೆ ಎಂಬುದನ್ನು ಮರೆಯಬೇಡಿ. ಹಳೆಯ ರೋಡ್ ಬೈಕುಗಳಲ್ಲಿ ಮೊದಲು ತಾಗುವುದು ಸಾಮಾನ್ಯವಾಗಿ ಪಕ್ಕವಲ್ಲ, ಬ್ರೇಕಿನ ಕೆಳಭಾಗ.

ಬ್ರೇಕಿನ ವಿಷಯದಲ್ಲಿ ಇನ್ನೊಂದು ಲೆಕ್ಕ ಇದೆ. ಹೊರ ಅಗಲ 19.6ರಿಂದ 23ಕ್ಕೆ ಹೋದರೆ ಪ್ಯಾಡುಗಳು ಒಟ್ಟು 3.4 ಮಿ.ಮೀ., ಅಂದರೆ ಬದಿಗೆ 1.7 ಮಿ.ಮೀ. ಹಿಂದೆ ಸರಿಯಬೇಕು. ಕೇಬಲ್ ಸಡಿಲಿಸಿ ಮತ್ತೆ ಬಿಗಿದರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. 25ಕ್ಕೆ ಹೋದರೆ ಹಳೆಯ ಕ್ಯಾಲಿಪರುಗಳಲ್ಲಿ ತೋಳು ಬಹಳ ತೆರೆದುಕೊಂಡು, ಪ್ಯಾಡು ಓರೆಯಾಗಿ ತಾಗಬಹುದು. ಷಿಮಾನೊ 105ರ ಆರ್7000 ಸರಣಿಯ ಬ್ರೇಕಾದರೆ 28ರ ಟೈರಿನವರೆಗೂ ಜಾಗ ಕೊಡುತ್ತದೆ. ಅದಕ್ಕಿಂತ ಹಳೆಯವು ಎಷ್ಟೋ 25ರ ಕಾಲಕ್ಕೆ ಮಾಡಿದವು. ನಿಮ್ಮದು ಯಾವ ಸರಣಿ ಎಂದು ಬ್ರೇಕಿನ ತೋಳಿನ ಹಿಂಭಾಗದಲ್ಲಿ ಹುಡುಕಿ. ಇಲ್ಲಿ ಬಹಳ ಜನ ಯೋಚಿಸದ ಒಂದು ಸಂಗತಿ ಎಂದರೆ ನಿಮ್ಮ ಆ ಎತ್ತಿಟ್ಟ ಗಾಲಿ. ಅದರ ರಿಮ್ಮೂ ಹೊಸದೂ ಒಂದೇ ಅಗಲದ್ದಾಗಿದ್ದರೆ ಬ್ರೆವೆಯ ಹಿಂದಿನ ರಾತ್ರಿ ಗಾಲಿ ಬದಲಿಸಿ ಮಲಗಬಹುದು. ಬೇರೆ ಬೇರೆಯಾದರೆ ಪ್ರತಿ ಸಲ ಕೇಬಲ್ ಬಿಗಿಯಬೇಕು, ಪ್ಯಾಡಿನ ಎತ್ತರ ನೋಡಬೇಕು, ಗಡಿಬಿಡಿಯಲ್ಲಿ ಅದನ್ನು ಬಿಟ್ಟರೆ ಪ್ಯಾಡು ಟೈರಿಗೆ ಉಜ್ಜಿ ಅದನ್ನು ಕೊಯ್ದುಬಿಡುತ್ತದೆ. ಆದ್ದರಿಂದ ಆ ಗಾಲಿಯ ಹೊರ ಅಗಲವನ್ನೂ ಅಳೆಯಿರಿ. ಅದು 23 ಇದ್ದರೆ ಇದನ್ನೂ 23ಕ್ಕೆ ನಿಲ್ಲಿಸಿ. ಎರಡು ಮಿ.ಮೀ. ಹೆಚ್ಚು ಅಗಲಕ್ಕಿಂತ ಗಾಲಿಗಳ ಹೊಂದಾಣಿಕೆ ನಿಮಗೆ ಹೆಚ್ಚು ನೆಮ್ಮದಿ ಕೊಡುತ್ತದೆ.

ಅಳತೆ ನೋಡಿದ ಮೇಲೆ ಎರಡು ದಾರಿ. ಫ್ರೇಮಿನಲ್ಲಿ ಜಾಗ ಬಿಗಿಯಾಗಿದ್ದರೆ ಒಳ ಅಗಲ 17-18ರ ರಿಮ್ಮು, ಅದಕ್ಕೆ 25ರ ಟೈರು. ಅದು 26ರ ಸುತ್ತ ಬರುತ್ತದೆ. ಜಾಗ ಧಾರಾಳವಾಗಿದ್ದರೆ 19-20ರ ರಿಮ್ಮು, 28ರ ಟೈರು. ಈ ಅಳತೆಯ ಹೊಸ ರೋಡ್ ಟೈರುಗಳ ಅಗಲವನ್ನು ಕಂಪನಿಗಳು 19ರ ರಿಮ್ಮಿನ ಮೇಲೇ ಲೆಕ್ಕ ಹಾಕುವುದರಿಂದ ಬದಿಯಲ್ಲಿ ಬರೆದ ಅಂಕಿಗೂ ನಿಜಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಇನ್ನೂ ಅಗಲ, 21-23ರ ಒಳ ಅಗಲದ್ದು, ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಚೆನ್ನ. 30-32ರ ಟೈರು ಹಿಡಿಯುವ ಫ್ರೇಮು ಅವುಗಳದ್ದು. ನಿಮಗೆ ಅದು ಬೇಡ. ಅಗಲದ ರಿಮ್ಮಿಗೆ ಸಣ್ಣ ಟೈರು ಹಾಕಿದರೆ ರಿಮ್ಮಿನ ಅಂಚೇ ಟೈರಿಗಿಂತ ಹೊರಗೆ ಚಾಚಿಕೊಳ್ಳುತ್ತದೆ, ಗುಂಡಿಯ ಮೊದಲ ಏಟು ಅದಕ್ಕೇ.

ತೂಕದ ಚಿಂತೆ ಬಿಡಿ ಎಂದರೆ ನೀವು ಬಿಡುವವರಲ್ಲ, ಏರು ಹತ್ತುವುದು ನಿಮಗೆ ಪ್ರಾಣ. ಅದಕ್ಕೇ ಲೆಕ್ಕವನ್ನೇ ಬರೆಯುತ್ತೇನೆ. ಅಗಲದ ರಿಮ್ಮು ಹಳೆಯದಕ್ಕಿಂತ ಒಂದೊಂದು 50 ಗ್ರಾಂ ಹೆಚ್ಚು ತೂಗಿದರೆ ಜೋಡಿಗೆ 100 ಗ್ರಾಂ. ನೀವು, ಸೈಕಲ್ಲು, ನೀರು ಎಲ್ಲ ಸೇರಿ 88 ಕಿಲೋ ಇಟ್ಟುಕೊಳ್ಳೋಣ. ಅರ್ಧ ಗಂಟೆಯ ಏರಿನಲ್ಲಿ ಆ 100 ಗ್ರಾಂ ಕಸಿಯುವುದು ಸುಮಾರು ಎರಡು ಸೆಕೆಂಡು. ಚಾಮುಂಡಿ ಬೆಟ್ಟದಂಥ ಅದಕ್ಕಿಂತ ಚಿಕ್ಕ ಏರಿನಲ್ಲಿ ಇನ್ನೂ ಕಡಿಮೆ. ಸುತ್ತುವ ಭಾಗದ ತೂಕ ಎರಡರಷ್ಟು ಎಂಬ ಮಾತು ವೇಗ ಹೆಚ್ಚಿಸುವ ಕ್ಷಣಕ್ಕೆ ಮಾತ್ರ ನಿಜ. ಒಂದೇ ವೇಗದಲ್ಲಿ ಏರುವಾಗ ಅದು ಬೇರೆ ಯಾವುದೇ ತೂಕದಂತೆಯೇ. ಅಭ್ಯಾಸದ ಗಾಲಿಯಲ್ಲಿ ಆ 50 ಗ್ರಾಂ ಬ್ರೇಕ್ ಉಜ್ಜುವ ಗೋಡೆಯ ದಪ್ಪವಾಗಿ ಇದ್ದರೆ ನಾನು ಸಂತೋಷದಿಂದ ಹೊರುತ್ತೇನೆ, ಅದು ಇನ್ನೊಂದು ಮಳೆಗಾಲ ಬಾಳುತ್ತದೆ.

ನೀವು ಚಿತ್ರ ಅಂಟಿಸಿ ಕಳಿಸಿದ ಕಾರ್ಬನ್ ಗಾಲಿಯ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ. ಅದು ಒಳ ಅಗಲ 25ರ, ಕೊಕ್ಕೆಯಿಲ್ಲದ ರಿಮ್ಮು, ಡಿಸ್ಕ್ ಬ್ರೇಕಿಗೆಂದು ಮಾಡಿದ್ದು. ನಿಮ್ಮ ಸೈಕಲ್ಲಿಗೆ ಹೊಂದುವುದೇ ಇಲ್ಲ. ಹೊಂದಿದ್ದರೂ ಬೇಡ ಎನ್ನುತ್ತಿದ್ದೆ. ಕೊಕ್ಕೆಯಿಲ್ಲದ ರಿಮ್ಮಿಗೆ 5 ಬಾರ್, ಅಂದರೆ 72.5 ಪಿಎಸ್‌ಐ ಮೀರಿ ಗಾಳಿ ಹೊಡೆಯುವಂತಿಲ್ಲ, ಅದಕ್ಕೆಂದೇ ಒಪ್ಪಿದ ಟ್ಯೂಬ್‌ಲೆಸ್ ಟೈರು ಮಾತ್ರ ಹಾಕಬೇಕು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ಇಂಥದೇ ರಿಮ್ಮಿನಿಂದ ಕಳಚಿ ಬಂದಿತ್ತು. ಬೀಳುವುದಕ್ಕೆ ಮೊದಲು ಏನಾಯಿತೆಂಬುದರ ಬಗ್ಗೆ ವಾದಗಳು ನಡೆದವು. 25ರ ಒಳ ಅಗಲದ ಮೇಲೆ 28ರ ಟೈರು ಮಿತಿಯ ಅಂಚಿನಲ್ಲಿತ್ತು ಎಂಬುದು ಮಾತ್ರ ಆ ಚರ್ಚೆಯಲ್ಲಿ ಎದ್ದುಕಂಡಿತು. ಈಗ ಅಂತಹ ರಿಮ್ಮಿಗೆ ಕನಿಷ್ಠ 29ರ ಟೈರು ಎಂಬ ಅಳತೆಯೇ ನಿಂತಿದೆ. ತಂಡದ ಮೆಕ್ಯಾನಿಕ್ಕು ಜೊತೆಗಿರುವವರೇ ಎಚ್ಚರದಿಂದ ಇರಬೇಕಾದ ಜೋಡಣೆಯನ್ನು ನೀವು, ನಾನು ಬೆಳಗಿನ ಕತ್ತಲಲ್ಲಿ ಪಂಪು ಹಿಡಿದು ನಿಭಾಯಿಸಬೇಕಾದ ಅಗತ್ಯ ಏನಿದೆ? ಇನ್ನು ರಿಮ್ ಬ್ರೇಕಿನ ಕಾರ್ಬನ್ ರಿಮ್ಮು ಉದ್ದನೆಯ ಇಳಿಜಾರಿನಲ್ಲಿ ಬ್ರೇಕಿನ ಬಿಸಿಗೆ ಪದರ ಬಿಡುವ ಭಯ ಇದ್ದೇ ಇದೆ, ಮಳೆಯಲ್ಲಿ ಅದರ ಹಿಡಿತವೂ ಅಲ್ಯೂಮಿನಿಯಂನಷ್ಟಿಲ್ಲ. ದಿನಬಳಕೆಗೆ ಅಲ್ಯೂಮಿನಿಯಮ್ಮೇ ಸರಿ.

ಟ್ಯೂಬ್‌ಲೆಸ್ ಮಾಡಿಸಲೇ ಎಂಬುದಕ್ಕೆ ನನ್ನ ಉತ್ತರ ನಿಮ್ಮ ರಸ್ತೆಯ ಜಾಲಿ ಮುಳ್ಳಿನ ಮೇಲೆ ನಿಂತಿದೆ. ವಾರಕ್ಕೊಮ್ಮೆ ಮುಳ್ಳು ಚುಚ್ಚುತ್ತದೆ ಎಂದಾದರೆ ಟ್ಯೂಬ್‌ಲೆಸ್ ಟೈರಿನೊಳಗಿನ ದ್ರವ ಆ ಸಣ್ಣ ತೂತುಗಳನ್ನು ನೀವು ಇಳಿಯುವ ಮೊದಲೇ ಮುಚ್ಚುತ್ತದೆ, ಅಗಲದ ಟೈರಿನ ಕಡಿಮೆ ಒತ್ತಡದಲ್ಲಿ ಇನ್ನೂ ಚೆನ್ನಾಗಿ ಮುಚ್ಚುತ್ತದೆ. ಆದರೆ ನಮ್ಮ ಬೇಸಿಗೆಗೆ ಅದು ಬೇಗ ಒಣಗುತ್ತದೆ, ಕೆಲವು ತಿಂಗಳಿಗೊಮ್ಮೆ ನೋಡಿ ತುಂಬುತ್ತಿರಬೇಕು. ಮುಳ್ಳಿನ ಕಾಟ ಅಷ್ಟಿಲ್ಲದಿದ್ದರೆ ಒಳ್ಳೆಯ ಟ್ಯೂಬು ಸಾಕು. ಹೇಗಿದ್ದರೂ ಟ್ಯೂಬ್‌ಲೆಸ್‌ಗೆ ತಯಾರಿರುವ ರಿಮ್ಮನ್ನೇ ತನ್ನಿ, ಮುಂದೆ ಮನಸ್ಸು ಬದಲಾದರೆ ದಾರಿ ತೆರೆದಿರುತ್ತದೆ. ಇಂಥ ರಿಮ್ಮುಗಳಲ್ಲಿ ಟೈರು ಸ್ವಲ್ಪ ಬಿಗಿಯಾಗಿ ಕೂರುತ್ತದೆ, ಹಳಿಯಾಳದ ಕಾಡಿನ ಅಂಚಿನಲ್ಲಿ ಒಬ್ಬರೇ ಕೂತು ಬಿಚ್ಚಿ ಮತ್ತೆ ಹಾಕುವಾಗ ಬೆರಳು ನೋಯಬಹುದು. ಉಪಾಯ ಇಷ್ಟೇ: ಟೈರಿನ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಸುತ್ತಲೂ ತಳ್ಳುತ್ತಾ, ವಾಲ್ವಿನ ಎದುರು ಬದಿಯಿಂದ ಆರಂಭಿಸಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಗೇಣಿನ ಹೋರಾಟ ತಾನಾಗಿ ಸಡಿಲವಾಗುತ್ತದೆ. ಕಡ್ಡಿಯ ತೂತು ಮುಚ್ಚುವ ಟೇಪು ರಿಮ್ಮಿನ ಒಳ ಅಗಲಕ್ಕಿಂತ ಒಂದೆರಡು ಮಿ.ಮೀ. ಹೆಚ್ಚೇ ಇರಲಿ. ಹಳೆಯ 15ರ ರಿಮ್ಮಿನ ಟೇಪನ್ನೇ ಹಾಕಿದರೆ ತೂತಿನ ಅಂಚು ಬಯಲಾಗಿ ಟ್ಯೂಬು ಒಳಗಿನಿಂದ ಕೊಯ್ದುಕೊಳ್ಳುತ್ತದೆ.

ಕೊನೆಗೆ ಗಾಲಿ ಕಟ್ಟಿಸುವ ವಿಷಯ. ನನಗೆ ಅಗಲಕ್ಕಿಂತಲೂ ಹೆಚ್ಚು ಅಕ್ಕರೆ ಇದರ ಮೇಲೆ. ನಿಮ್ಮ ಹಳೆಯ ಷಿಮಾನೊ ಹಬ್‌ಗಳನ್ನು ಬಿಸಾಡಬೇಡಿ. ಅವನ್ನು ಬಿಚ್ಚಿ, ಹಳೆಯ ಗ್ರೀಸು ಒರೆಸಿ, ಹಿಂದಿನದಕ್ಕೆ ಪ್ರತಿ ಬದಿಗೆ ಕಾಲಿಂಚಿನ ಒಂಬತ್ತು ಬಾಲ್ಸು ಹೊಸದಾಗಿ ಹಾಕಿಸಿ. ಬಟ್ಟಲುಗಳಲ್ಲಿ ಗುಳಿ ಬಿದ್ದಿಲ್ಲದಿದ್ದರೆ ಇನ್ನೂ ಎಷ್ಟೋ ವರ್ಷ ಓಡುತ್ತವೆ. ಅವು 32 ತೂತಿನವಾದರೆ ರಿಮ್ಮೂ 32ರದ್ದೇ ಬೇಕು. ಕಡ್ಡಿಗಳನ್ನು ಮಾತ್ರ ಹಳೆಯವು ಬಳಸಬೇಡಿ. ಹೊಸ ರಿಮ್ಮಿನ ಆಳ ಬೇರೆ ಇರುವುದರಿಂದ ಕಡ್ಡಿಯ ಉದ್ದವೂ ಬೇರೆಯಾಗುತ್ತದೆ. ನಡುವೆ 1.8ಕ್ಕೆ ತೆಳುವಾಗುವ, ಎರಡು ತುದಿಯಲ್ಲಿ 2.0 ಇರುವ ಕಡ್ಡಿ, ಸೇಪಿಮ್ ರೇಸ್ ಅಥವಾ ಡಿಟಿ ಕಾಂಪಿಟಿಷನ್, ಹಿತ್ತಾಳೆಯ ನಿಪ್ಪಲ್, ಮೂರು ಅಡ್ಡದ ಹೆಣಿಗೆ. ಈ ಗಾಲಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ನನಗೆ ಗೊತ್ತಿಲ್ಲ. ಹಿಂದಿನ ಗಾಲಿಯಲ್ಲಿ ಗೇರಿನ ಬದಿಯ ಕಡ್ಡಿಗಳು ಬಹಳ ಬಿಗಿ, ಎಡಬದಿಯವು ಅದರ ಅರ್ಧದಷ್ಟು ಮಾತ್ರ. ಹೀಗಾಗಿ ಎಡಗಡೆಯವೇ ಸಡಿಲವಾಗುತ್ತಾ ಹೋಗುತ್ತವೆ. ತೂತುಗಳನ್ನು ನಡುವಿನಿಂದ ಪಕ್ಕಕ್ಕೆ ಸರಿಸಿದ ರಿಮ್ಮು, ಎ23ರಲ್ಲಿ ಅಂಥದ್ದೊಂದು ಮಾದರಿ ಇತ್ತು, ಸಿಕ್ಕಿದರೆ ಹಿಂದಕ್ಕೆ ಅದನ್ನೇ ಹಾಕಿಸಿ. ಆ ವ್ಯತ್ಯಾಸ ಕಡಿಮೆಯಾಗುತ್ತದೆ.

ಗಾಲಿ ಕಟ್ಟುವವರ ಕೈಗುಣ ಗೊತ್ತಾಗುವುದು ಕಡ್ಡಿಗಳನ್ನು ಬಿಗಿಯುವಲ್ಲಿ ಅಲ್ಲ, ಬಿಗಿದ ಮೇಲೆ. ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ 'ದಿ ಬೈಸಿಕಲ್ ವೀಲ್' ಪುಸ್ತಕದಲ್ಲಿ ಇದನ್ನು ಬಹಳ ಒತ್ತಿ ಹೇಳಿದ್ದಾರೆ: ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಂಗೈಯಲ್ಲಿ ಬಲವಾಗಿ ಹಿಚುಕಬೇಕು, ಕಡ್ಡಿಯ ತಲೆಯ ಹತ್ತಿರದ ಬಾಗಿನಲ್ಲಿ ಉಳಿದ ಒಳಬಿಗಿತ ಅದರಿಂದ ಇಳಿಯುತ್ತದೆ. ಹಾಗೆ ಮಾಡದ ಗಾಲಿ ಅಂಗಡಿಯಲ್ಲಿ ನೇರವಾಗಿ ತಿರುಗಿ, ರಸ್ತೆಯಲ್ಲಿ ಟಣ್ ಟಣ್ ಎಂದು ಸದ್ದು ಮಾಡಿ ಓಲಾಡುತ್ತದೆ, ಕಡ್ಡಿಗಳು ತಿಂಗಳುಗಳಲ್ಲೇ ತಲೆಯ ಹತ್ತಿರ ಮುರಿಯತೊಡಗುತ್ತವೆ. ನಿಮ್ಮ ಊರಿನಲ್ಲಿ ಹಳೆಯ ಕಾಲದಿಂದ ಗಾಲಿಯ ಔಟ್ ತೆಗೆಯುತ್ತಾ ಬಂದ ಕೈಗಳು ಇದ್ದೇ ಇರುತ್ತವೆ. ಅಂಥವರ ಹತ್ತಿರ ಕಟ್ಟಿಸಿ, ಪಕ್ಕದಲ್ಲಿ ಕೂತು ನೋಡಿ, ಕೇಳುವಷ್ಟು ಕೂಲಿ ಚೌಕಾಸಿಯಿಲ್ಲದೆ ಕೊಡಿ. ಅವರ ಬಳಿ ಕಡ್ಡಿಯ ಬಿಗಿತ ಅಳೆಯುವ ಮಾಪಕ ಇಲ್ಲದಿದ್ದರೆ, ಕಟ್ಟಿದ ಮೇಲೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋದಾಗ ಅದಿರುವ ಕಡೆ ಒಮ್ಮೆ ತೋರಿಸಿ. ರಿಮ್ಮಿನ ಕಂಪನಿ ಹೇಳಿದ ಗರಿಷ್ಠ ಮಿತಿಯೊಳಗೆ, ಗೇರಿನ ಬದಿಯ ಕಡ್ಡಿಗಳು 110-120 ಕಿಲೋ ಬಿಗಿತದ ಸುತ್ತ ಸಮನಾಗಿ ಇರಬೇಕು. ಮೊದಲ ವಾರ ಓಡಿಸಿದ ಮೇಲೆ ಇನ್ನೊಮ್ಮೆ ಔಟ್ ನೋಡಿಸಿ.

ಈ ವಾರ ಬಿಡುವಾದಾಗ ನಾಲ್ಕು ಅಳತೆ ತೆಗೆದು ನನಗೆ ಬರೆದು ಕಳಿಸಿ: ಹಳೆಯ ರಿಮ್ಮಿನ ಮೇಲೆ ಈಗಿನ ಟೈರಿನ ನಿಜವಾದ ಅಗಲ, ಅತಿ ಇಕ್ಕಟ್ಟಾದ ಸಂದಿಯಲ್ಲಿ ತೂರಿದ ಅಲೆನ್ ಕೀಯ ಅಂಕಿ, ಎತ್ತಿಟ್ಟ ಗಾಲಿಯ ಹೊರ ಅಗಲ, ಹಬ್‌ಗಳ ತೂತಿನ ಸಂಖ್ಯೆ. ಬ್ರೇಕಿನ ಸರಣಿ ಸಿಕ್ಕರೆ ಅದನ್ನೂ ಸೇರಿಸಿ. ಅವು ಬಂದ ಮೇಲೆ ಯಾವ ರಿಮ್ಮು ಎಂದು ಕೂತು ಆರಿಸೋಣ. ಅಲ್ಲಿಯವರೆಗೆ ಎತ್ತಿಟ್ಟ ಗಾಲಿಯನ್ನೇ ಹಾಕಿಕೊಂಡು ಓಡಿಸಿ, ಸವೆಯುತ್ತದೆಂದು ಹಿಂಜರಿಯಬೇಡಿ.

ನಿಮ್ಮ ವಿಶ್ವಾಸದ
ಸೈಕಲ್ ಗೆಳೆಯ